ವಿಮಾನ ನಿಲ್ದಾಣದ ಪರವಾನಗಿ ಯಾರಿಗಾಗಿ?

ಒಬ್ಬರು: ಜಿಲ್ಲೆಗೊಂದು ವಿಮಾನ ನಿಲ್ದಾಣ ಬೇಕೆಂದು ಜನ ಎಷ್ಟೋ ವರ್ಷ ಕಾದಿರುತ್ತಾರೆ. ಅದಕ್ಕಾಗಿ ಜಮೀನು ಬಿಟ್ಟುಕೊಟ್ಟವರು ಅಕ್ಕಪಕ್ಕದ ಹಳ್ಳಿಗಳಲ್ಲೇ ಇರುತ್ತಾರೆ. ರನ್‌ವೇ ಮುಗಿಯಿತು, ಟರ್ಮಿನಲ್ ಸಿದ್ಧವಾಯಿತು, ಗಣ್ಯರು ಬಂದು ಉದ್ಘಾಟಿಸಿಯೂ ಹೋದರು ಅನ್ನುವಷ್ಟರಲ್ಲಿ ‘ಪರವಾನಗಿ’ ಎಂಬ ಮಾತು ಎದ್ದು ನಿಲ್ಲುತ್ತದೆ. ಶಿವಮೊಗ್ಗದ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು, ಪ್ರಯಾಣಿಕರ ಮೊದಲ ನಿಗದಿತ ವಿಮಾನ ಬಂದದ್ದು ಆಗಸ್ಟ್ 31ರಂದು. ಮರುವರ್ಷ ಪರವಾನಗಿ ನವೀಕರಣದ ಹೊತ್ತಿಗೆ ಅಲ್ಪಾವಧಿಯ ವಿಸ್ತರಣೆಗಳಷ್ಟೇ ಸಿಕ್ಕಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದನ್ನು ನಡೆಸುತ್ತಿರುವುದು ಸ್ವತಃ ರಾಜ್ಯ ಸರ್ಕಾರದ ಸಂಸ್ಥೆ. ಸರ್ಕಾರವೇ ಕಟ್ಟಿ ಸರ್ಕಾರವೇ ನಡೆಸುವ ನಿಲ್ದಾಣ ಇನ್ನೊಂದು ಸರ್ಕಾರಿ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕೆ, ಸರ್? ನನಗಿದು ಕಡತದಿಂದ ಕಡತಕ್ಕೆ ಹೋಗುವ ಕಾಗದದ ಕೆಲಸವಾಗಿಯೇ ಕಾಣುತ್ತದೆ.

ಮತ್ತೊಬ್ಬರು: ಉದ್ಘಾಟನೆಯಿಂದ ತಿಳಿಯುವುದು ಕಟ್ಟಡ ಎದ್ದಿದೆ ಎಂಬುದು ಮಾತ್ರ. ಪರವಾನಗಿ ಕೇಳುವ ಪ್ರಶ್ನೆ ಬೇರೆ: ನಾಳೆ ಬೆಳಗಿನಿಂದ ಇದನ್ನು ಯಾರು, ಯಾವ ಸಿಬ್ಬಂದಿಯಿಂದ, ಯಾವ ಕ್ರಮದಲ್ಲಿ ನಡೆಸುತ್ತಾರೆ? ನಮ್ಮಲ್ಲಿ 1937ರ ವಿಮಾನ ನಿಯಮಗಳ ಕಾಲದಿಂದಲೂ ನಿಗದಿತ ವಿಮಾನ ಸೇವೆ ಇಳಿಯುವ ನಿಲ್ದಾಣಕ್ಕೆ ಪರವಾನಗಿ ಬೇಕು. ಹಳೆಯ 1934ರ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದ್ದರೂ ಆ ತತ್ವ ಹಾಗೇ ಉಳಿದಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ ಕೊಡುವ ಅರ್ಜಿಯಲ್ಲಿ ನಮೂನೆ, ಶುಲ್ಕ, ರಕ್ಷಣಾ ಇಲಾಖೆ, ಗೃಹ ಇಲಾಖೆ, ಪರಿಸರ ಇಲಾಖೆಗಳ ಒಪ್ಪಿಗೆ ಪತ್ರ ಎಲ್ಲವೂ ಇರುತ್ತವೆ. ಅವನ್ನು ನೀವು ಕಾಗದದ ಕೆಲಸ ಅನ್ನಿ, ನನ್ನ ತಕರಾರಿಲ್ಲ. ಆದರೆ ಅರ್ಜಿಯ ಜೀವಾಳ ಅದರ ಜೊತೆ ಸಲ್ಲಿಸುವ ನಿಲ್ದಾಣ ಕೈಪಿಡಿ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಐಕಾವೋ, ಹಾಕಿಕೊಟ್ಟ ಮಾದರಿಯಂತೆ ಅದಕ್ಕೆ ಐದು ಭಾಗ. ನಿಲ್ದಾಣದ ಸಾಮಾನ್ಯ ವಿವರ, ಜಾಗದ ವಿವರ, ವೈಮಾನಿಕರಿಗೆ ಪ್ರಕಟಿಸಬೇಕಾದ ಅಳತೆಗಳು, ದಿನನಿತ್ಯದ ಕಾರ್ಯವಿಧಾನಗಳು, ಕೊನೆಗೆ ಆಡಳಿತ ಮತ್ತು ಸುರಕ್ಷತಾ ನಿರ್ವಹಣೆ. ನಾಲ್ಕನೆಯ ಭಾಗ ಓದಿದರೆ ನಿಲ್ದಾಣ ಹೇಗೆ ಉಸಿರಾಡುತ್ತದೆ ಎಂಬುದು ಗೊತ್ತಾಗುತ್ತದೆ. ಬೆಳಗ್ಗೆ ಮೊದಲ ವಿಮಾನಕ್ಕೆ ಮುಂಚೆ ರನ್‌ವೇ ಮೇಲೆ ಯಾರು ಹೋಗಿ ಕಲ್ಲು, ಬೋಲ್ಟು, ಸತ್ತ ಹಕ್ಕಿ ಬಿದ್ದಿವೆಯೇ ಎಂದು ನೋಡುತ್ತಾರೆ, ದೀಪ ಕೆಟ್ಟರೆ ಯಾರಿಗೆ ತಿಳಿಸುತ್ತಾರೆ, ನಾಯಿ ಒಳನುಗ್ಗಿದರೆ ಏನು ಮಾಡುತ್ತಾರೆ, ದುರಸ್ತಿ ಕೆಲಸದವರು ಯಾರ ಅನುಮತಿಯ ಮೇಲೆ ಬೇಲಿ ದಾಟುತ್ತಾರೆ, ಎಲ್ಲವೂ ಅಲ್ಲಿರಬೇಕು. ಬೇಲಿಯ ಹೊರಗಿನ ಸಂಗತಿಯೂ ಬರುತ್ತದೆ: ನಿಲ್ದಾಣದ ಸುತ್ತ ಹತ್ತು ಕಿಲೋಮೀಟರ್ ದೂರದೊಳಗೆ ಹಕ್ಕಿಗಳನ್ನು ಸೆಳೆಯುವಂತೆ ಬಯಲಲ್ಲಿ ಪ್ರಾಣಿವಧೆ ಮಾಡುವುದನ್ನೂ ಕಸ ಸುರಿಯುವುದನ್ನೂ 1937ರ ನಿಯಮಗಳೇ ನಿಷೇಧಿಸಿದ್ದವು. ಅಂದರೆ ಪಕ್ಕದ ಗ್ರಾಮ ಪಂಚಾಯಿತಿ ತನ್ನ ಕಸ ಎಲ್ಲಿ ಹಾಕುತ್ತದೆ ಎಂಬುದೂ ಈ ಅರ್ಜಿಗೆ ಸಂಬಂಧಪಟ್ಟ ವಿಷಯ.

ಒಬ್ಬರು: ಇದೆಲ್ಲ ಇರಲಿ. ಆದರೆ ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಇಟ್ಟುಕೊಂಡ ಊರಿಗೆ ಎಟಿಆರ್‌ನಂಥ ಸಣ್ಣ ವಿಮಾನಗಳೇ ಬರುತ್ತವೆ ಎಂದರೆ ಜನರಿಗೆ ಹೇಗೆ ಅರ್ಥವಾಗಬೇಕು? ಡಾಂಬರು ಹಾಕಿಯಾಗಿದೆ. ಅಡ್ಡ ನಿಂತಿರುವುದು ಏನು?

ಮತ್ತೊಬ್ಬರು: ಪ್ರಯಾಣಿಕರಿದ್ದಾರೆಯೇ ಎಂಬ ವಿಮಾನ ಕಂಪನಿಯ ಲೆಕ್ಕಾಚಾರ ಒಂದು ಕಡೆ ಇರಲಿ. ನಿಲ್ದಾಣದ ಕಡೆಯಿಂದ ನೋಡಿದರೆ ಉತ್ತರದ ಒಂದು ಪಾಲು ಅಗ್ನಿಶಾಮಕ ಠಾಣೆಯಲ್ಲಿದೆ. ವಿಮಾನದ ಉದ್ದ, ಒಡಲಿನ ಅಗಲ ನೋಡಿ ನಿಲ್ದಾಣಗಳ ಅಗ್ನಿಶಾಮಕ ಸಾಮರ್ಥ್ಯವನ್ನು ಒಂದರಿಂದ ಹತ್ತರವರೆಗೆ ವರ್ಗ ಮಾಡಿದ್ದಾರೆ. ಎಟಿಆರ್ 72 ಸುಮಾರು 27 ಮೀಟರ್ ಉದ್ದವಿರುವುದರಿಂದ ಐದನೆಯ ವರ್ಗ ಸಾಕು. 37 ಮೀಟರ್ ದಾಟುವ ಏರ್‌ಬಸ್ 320ಕ್ಕೆ ಆರನೆಯದು ಬೇಕು. ಸಾಮಾನ್ಯ ಬಳಕೆಯ ನೊರೆಯ ಲೆಕ್ಕದಲ್ಲಿ ಐದನೆಯ ವರ್ಗಕ್ಕೆ ಕನಿಷ್ಠ ಒಂದು ವಾಹನ, 5,400 ಲೀಟರ್ ನೀರು. ಆರನೆಯದಕ್ಕೆ ಎರಡು ವಾಹನ, 7,900 ಲೀಟರ್. ವಿಮಾನಗಳ ಸಂಖ್ಯೆ ಕಡಿಮೆಯಿರುವ ಕಡೆ ಒಂದು ವರ್ಗದ ಸಡಿಲಿಕೆ ಕೊಡುವ ಅವಕಾಶವೂ ನಿಯಮದಲ್ಲಿದೆ, ಸಡಿಲಿಸಲಾಗದ್ದು ಸಮಯ. ಗಂಟೆ ಬಾರಿಸಿದ ಕ್ಷಣದಿಂದ ಮೂರು ನಿಮಿಷದೊಳಗೆ ಮೊದಲ ವಾಹನ ರನ್‌ವೇಯ ಯಾವ ತುದಿಗೇ ಆಗಲಿ ತಲುಪಿ, ತನಗೆ ನಿಗದಿಯಾದ ಪ್ರಮಾಣದಲ್ಲಿ ಕನಿಷ್ಠ ಅರ್ಧದಷ್ಟು ನೊರೆ ಚಿಮ್ಮುತ್ತಿರಬೇಕು. ತಪಾಸಣೆಗೆ ಬಂದವರು ಇದನ್ನು ಕಾಗದದಲ್ಲಿ ನೋಡಿ ಒಪ್ಪಬಾರದು, ಗಡಿಯಾರ ಹಿಡಿದು ನಿಂತು ವಾಹನ ಓಡಿಸಿ ನೋಡಬೇಕು. ಚಾಲಕ ಊಟಕ್ಕೆ ಹೋಗಿದ್ದಾನೆ, ಬದಲಿ ಪಾಳಿಯವರ ನೇಮಕಾತಿ ಇನ್ನೂ ಆಗಿಲ್ಲ, ವಾಹನದ ಪಂಪು ದುರಸ್ತಿಯಲ್ಲಿದೆ ಎಂಬ ಸಂಗತಿಗಳೆಲ್ಲ ಹೊರಬೀಳುವುದು ಆಗಲೇ. ರನ್‌ವೇ ಒಂದು ಸಲ ಹಾಕಿದರೆ ವರ್ಷಗಟ್ಟಲೆ ಇರುತ್ತದೆ. ತರಬೇತಾದ ಹತ್ತಿಪ್ಪತ್ತು ಜನ ವಿಮಾನ ಹಾರುವ ಪ್ರತಿ ಗಂಟೆಯೂ ಎಚ್ಚರವಾಗಿರುವಂತೆ ನೋಡಿಕೊಳ್ಳುವುದು ತಿಂಗಳು ತಿಂಗಳೂ ಹಣ ಬೇಡುವ ಕೆಲಸ. ನಮ್ಮಲ್ಲಿ ಕಟ್ಟುವುದಕ್ಕೆ ಒದಗುವ ಹಣದ ಉತ್ಸಾಹ ನಡೆಸುವುದಕ್ಕೆ ಒದಗುವುದಿಲ್ಲ. ಪರವಾನಗಿ ಆ ದುರಭ್ಯಾಸವನ್ನು ಹಿಡಿದು ನಿಲ್ಲಿಸುತ್ತದೆ ಎಂಬ ಕಾರಣಕ್ಕೇ ನನಗೆ ಅದರ ಬಗ್ಗೆ ಗೌರವ.

ಒಬ್ಬರು: ಕಾಗದದ ಮೇಲಿನ ವಿವರ ತಪ್ಪಿದ್ದಕ್ಕೆ ವಿಮಾನ ಬಿದ್ದ ಉದಾಹರಣೆ ಇದೆಯೇ? ನೆಲ ಗಟ್ಟಿಯಿದ್ದರೆ, ದೀಪ ಉರಿಯುತ್ತಿದ್ದರೆ ಸಾಲದೆ?

ಮತ್ತೊಬ್ಬರು: ಇಟಲಿಯ ಮಿಲಾನ್ ನಗರದ ಲಿನಾಟೆ ನಿಲ್ದಾಣವನ್ನು ನೋಡಿ. 2001ರ ಅಕ್ಟೋಬರ್ 8ರ ಬೆಳಗ್ಗೆ ದಟ್ಟ ಮಂಜು. ಒಂದು ಸಣ್ಣ ಸೆಸ್ನಾ ಜೆಟ್ ಹೊರಟಿತ್ತು. ಅದಕ್ಕೆ ಹೋಗಲು ಹೇಳಿದ್ದು ಉತ್ತರದ ಟ್ಯಾಕ್ಸಿವೇಯಲ್ಲಿ, ಅದು ಹಿಡಿದದ್ದು ಇನ್ನೊಂದನ್ನು. ದಾರಿಯಲ್ಲಿ ಪೈಲಟ್ ತನಗೆ ನೆಲದ ಮೇಲೆ ಕಂಡ ಗುರುತನ್ನು, ಎಸ್4 ಎಂಬುದನ್ನು, ರೇಡಿಯೋದಲ್ಲಿ ಹೇಳಿದ. ಆ ಗುರುತು ಪ್ರಕಟಿತ ನಕ್ಷೆಯಲ್ಲಿರಲಿಲ್ಲ. ಗೋಪುರದಲ್ಲಿ ಕೂತಿದ್ದ ನಿಯಂತ್ರಕನಿಗೆ ಅದು ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ಹಳೆಯ ನೆಲ ರೇಡಾರ್ ತೆಗೆದುಹಾಕಿದ್ದರು, ಹೊಸದು ಇನ್ನೂ ಬಳಕೆಗೆ ಬಂದಿರಲಿಲ್ಲ. ಪೈಲಟ್ ಇರುವ ಜಾಗವನ್ನು ಸರಿಯಾಗಿಯೇ ಹೇಳಿದ, ಕೇಳಿಸಿಕೊಂಡವನಿಗೆ ಅದು ಅರ್ಥವಾಗಲಿಲ್ಲ. ಸೆಸ್ನಾ ನೇರ ರನ್‌ವೇ ಮೇಲೆ ಬಂತು. ಮೇಲೇಳುತ್ತಿದ್ದ ಎಸ್‌ಎಎಸ್ ಸಂಸ್ಥೆಯ ಎಂಡಿ-87 ಅದಕ್ಕೆ ಬಡಿದು, ರನ್‌ವೇಯಾಚೆಯ ಸಾಮಾನು ಸರಂಜಾಮಿನ ಕಟ್ಟಡಕ್ಕೆ ನುಗ್ಗಿತು. ಎರಡೂ ವಿಮಾನಗಳಲ್ಲಿದ್ದ 114 ಮಂದಿ, ನೆಲದ ಮೇಲಿದ್ದ ನಾಲ್ವರು ತೀರಿಕೊಂಡರು. ನಿಲ್ದಾಣದ ಗುರುತು, ಫಲಕ, ದೀಪಗಳು ಐಕಾವೋ ಅನುಬಂಧ 14ರ ಮಟ್ಟದಲ್ಲಿರಲಿಲ್ಲ, ಸುರಕ್ಷತಾ ನಿರ್ವಹಣೆಯ ವ್ಯವಸ್ಥೆಯೇ ಅಲ್ಲಿರಲಿಲ್ಲ ಎಂದು ತನಿಖೆ ಹೇಳಿತು. ಕೈಪಿಡಿಯ ಮೂರನೆಯ ಭಾಗ ಮಾಡಬೇಕಾದ ಕೆಲಸ ಇದೇ: ನೆಲದ ಮೇಲಿರುವುದು, ನಕ್ಷೆಯಲ್ಲಿರುವುದು, ಗೋಪುರದಲ್ಲಿರುವವರ ತಲೆಯಲ್ಲಿರುವುದು ಮೂರೂ ಒಂದೇ ಆಗಿವೆಯೇ ಎಂದು ಯಾರಾದರೂ ನಡೆದುಹೋಗಿ ನೋಡುವಂತೆ ಮಾಡುವುದು. ಅಂತಾರಾಷ್ಟ್ರೀಯ ವಿಮಾನಗಳು ಬಳಸುವ ನಿಲ್ದಾಣಗಳಿಗೆ 2003ರ ನವೆಂಬರ್ 27ರಿಂದ ದೃಢೀಕರಣ ಕಡ್ಡಾಯವಾಯಿತು. ಅದಕ್ಕೆ ಮುಂಚೆ ಎಷ್ಟೋ ದೇಶಗಳಲ್ಲಿ ನಿಲ್ದಾಣ ಸರ್ಕಾರದ್ದು, ಸರ್ಕಾರವನ್ನು ಯಾರು ಪರೀಕ್ಷಿಸುವುದು ಎಂಬ ಧೋರಣೆಯಿತ್ತು. ನೀವು ಮೊದಲು ಕೇಳಿದ ಪ್ರಶ್ನೆಗೂ ಇದೇ ಉತ್ತರ. ಮಾಲೀಕ ಸರ್ಕಾರವಾದಾಗ ಹೊರಗಿನ ಕಣ್ಣು ಇನ್ನೂ ಹೆಚ್ಚು ಬೇಕು.

ಒಬ್ಬರು: ಲಿನಾಟೆ ದೂರದ ಮಾತು. ನಮ್ಮ ಮಂಗಳೂರನ್ನೇ ತೆಗೆದುಕೊಳ್ಳಿ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನದಲ್ಲಿ 158 ಜನ ಹೋದರು, ಉಳಿದವರು ಎಂಟೇ ಮಂದಿ. ತನಿಖಾ ನ್ಯಾಯಾಲಯ ನೇರ ಕಾರಣವೆಂದು ಹೇಳಿದ್ದು ಕ್ಯಾಪ್ಟನ್ ತಪ್ಪನ್ನು. ಸ್ಥಿರವಾಗಿರದ ಇಳಿಕೆಯನ್ನು ಬಿಟ್ಟು ಮತ್ತೆ ಮೇಲೇರಬೇಕಿತ್ತು, ಸಹ ಪೈಲಟ್ ಹೇಳಿದರೂ ಏರಲಿಲ್ಲ. 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ 21 ಜನ ಸತ್ತಾಗಲೂ ತನಿಖೆ ಹೆಚ್ಚುಕಡಿಮೆ ಅದನ್ನೇ ಹೇಳಿತು. ಪೈಲಟ್ ತಪ್ಪಿಗೆ ನಿಲ್ದಾಣದ ಪರವಾನಗಿ ಏನು ಮಾಡೀತು?

ಮತ್ತೊಬ್ಬರು: ತನಿಖೆಯ ತೀರ್ಮಾನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಲ್ದಾಣದ ಹೊಣೆ ಶುರುವಾಗುವುದೇ ಪೈಲಟ್ ತಪ್ಪಿದಾಗ. ಪೈಲಟ್ ಎಂದೂ ತಪ್ಪುವುದಿಲ್ಲ ಎನ್ನುವುದಾದರೆ ರನ್‌ವೇ ತುದಿಯಾಚೆ ಒಂದು ಮೀಟರ್ ಸಮತಟ್ಟು ನೆಲವೂ ಬೇಕಿಲ್ಲ. ತಪ್ಪುತ್ತಾರೆ ಎಂದು ಗೊತ್ತಿರುವುದರಿಂದಲೇ ರನ್‌ವೇ ಮುಗಿದ ಮೇಲೆ 60 ಮೀಟರ್ ಪಟ್ಟಿ, ಅದರಾಚೆ ಕನಿಷ್ಠ 90 ಮೀಟರ್ ಸುರಕ್ಷಾ ಪ್ರದೇಶ, ಸಾಧ್ಯವಿದ್ದರೆ 240 ಮೀಟರ್ ಎಂದು ನಿಯಮ ಮಾಡಿದ್ದಾರೆ. ಮಂಗಳೂರಿನ 2,450 ಮೀಟರ್ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ತುದಿಯಲ್ಲಿದ್ದದ್ದು ಕನಿಷ್ಠವಾದ 90 ಮೀಟರ್. ಅದನ್ನೂ ದಾಟಿದ ವಿಮಾನದ ಬಲ ರೆಕ್ಕೆ, ಇಳಿಯುವವರಿಗೆ ರನ್‌ವೇಯ ದಿಕ್ಕು ತೋರುವ ಲೋಕಲೈಸರ್ ಆಂಟೆನಾ ನಿಲ್ಲಿಸಿದ್ದ ಕಟ್ಟೆಗೆ ಬಡಿಯಿತು, ಆಮೇಲೆ ಕಣಿವೆ. ಆ ಕಟ್ಟೆಗಳು ಬಡಿದರೆ ಮುರಿದುಬೀಳುವಂತಿರಬೇಕು, ತುದಿಯ ನೆಲ ಇಳಿಜಾರಾಗಿರಬಾರದು, ವಿಮಾನವನ್ನು ತಡೆದು ನಿಲ್ಲಿಸುವ ವ್ಯವಸ್ಥೆ ಬೇಕು ಎಂದು ತನಿಖಾ ನ್ಯಾಯಾಲಯವೇ ಶಿಫಾರಸು ಮಾಡಿತಲ್ಲ? ಅಂಥ ವ್ಯವಸ್ಥೆ ಕಲ್ಪನೆಯದಲ್ಲ. ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ 2005ರಲ್ಲಿ ರನ್‌ವೇ ಮೀರಿ ಬಂದ ಸರಕು ಸಾಗಣೆಯ ಬೋಯಿಂಗ್ 747 ಅನ್ನು, ಚಕ್ರ ಹೂತುಕೊಳ್ಳುವಂತೆ ಹಾಸಿದ ಹಗುರ ಕಾಂಕ್ರೀಟಿನ ಪಟ್ಟಿ ನಿಲ್ಲಿಸಿತ್ತು. ಕೋಯಿಕ್ಕೋಡಿನಲ್ಲಿ ರನ್‌ವೇಯನ್ನೇ ಮೊಟಕುಗೊಳಿಸಿ ಸುರಕ್ಷಾ ಪ್ರದೇಶವನ್ನು 240 ಮೀಟರಿಗೆ ಹಿಗ್ಗಿಸಿದ್ದರು, ಆದರೂ ವಿಮಾನ ದಾಟಿಹೋಯಿತು. ಹಾಗಾಗಿ ಅಳತೆ ಪೂರೈಸಿದರೆ ಎಲ್ಲರೂ ಬದುಕುತ್ತಾರೆ ಎಂಬ ಭರವಸೆಯನ್ನು ನಾನು ಕೊಡಲಾರೆ. ಒಬ್ಬನ ತಪ್ಪಿಗೂ ನೂರಾರು ಜನರ ಸಾವಿಗೂ ನಡುವೆ ಎಷ್ಟು ನೆಲ ಬಿಡುತ್ತೀರಿ ಎಂಬುದು ನಿಲ್ದಾಣ ಮಾಡುವ ತೀರ್ಮಾನ, ಅದಕ್ಕೆ ಪೈಲಟ್‌ನನ್ನು ಹೊಣೆ ಮಾಡಲಾಗದು.

ಒಬ್ಬರು: ಹಾಗಾದರೆ ನಿಮ್ಮ ವಾದಕ್ಕೆ ದೊಡ್ಡ ಅಡ್ಡಿ ದಕ್ಷಿಣ ಕೊರಿಯಾದಿಂದ ಬರುತ್ತದೆ. ಮುವಾನ್ ನಿಲ್ದಾಣಕ್ಕೆ ಎಲ್ಲ ದೃಢೀಕರಣವೂ ಇತ್ತು. 2024ರ ಡಿಸೆಂಬರ್ 29ರಂದು ಹೊಟ್ಟೆಯ ಮೇಲೆ ಇಳಿದ ಜೆಜು ಏರ್ ವಿಮಾನ ರನ್‌ವೇ ದಾಟಿ ಮಣ್ಣಿನ ದಿಬ್ಬಕ್ಕೆ ಬಡಿದು 179 ಜನ ಸತ್ತರು. ದಿಬ್ಬದೊಳಗೆ ಕಾಂಕ್ರೀಟ್ ಇತ್ತು, ಮೇಲೆ ಅದೇ ಲೋಕಲೈಸರ್ ಆಂಟೆನಾ. ಪರವಾನಗಿ ಇದ್ದೂ ಆ ದಿಬ್ಬ ವರ್ಷಗಟ್ಟಲೆ ಅಲ್ಲೇ ಇತ್ತಲ್ಲ!

ಮತ್ತೊಬ್ಬರು: ಇದ್ದೂ ಇತ್ತು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಯೂ ಇಲ್ಲಿಂದಲೇ ಹೊರಡುತ್ತದೆ. ದುರಂತದ ಮರುದಿನಗಳಲ್ಲಿ ಅಲ್ಲಿನ ಸಚಿವಾಲಯ ಮೊದಲು ಕೊಟ್ಟ ವಿವರಣೆ ಏನು? ಆ ದಿಬ್ಬ ಸುರಕ್ಷಾ ಪ್ರದೇಶದ ಹೊರಗಿದೆ, ಆದ್ದರಿಂದ ಮುರಿದುಬೀಳುವಂತಿರಬೇಕೆಂಬ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಸುರಕ್ಷಾ ಪ್ರದೇಶ 199 ಮೀಟರಿಗೆ ನಿಂತಿತ್ತು. ಗೆರೆಯ ಒಳಗೋ ಹೊರಗೋ ಎಂದು ನೋಡುವ ಕಣ್ಣಿಗೆ ದಿಬ್ಬ ಕಾಣುತ್ತದೆ, ಅದಕ್ಕೆ ವಿಮಾನ ಬಡಿಯಬಹುದೆಂಬುದು ಕಾಣುವುದಿಲ್ಲ. ಅರ್ಜಿ ಸಲ್ಲಿಸುವವರು ‘ನಿಯಮ ಪೂರೈಸಿದೆ’ ಎಂಬ ಚೌಕದಲ್ಲಿ ಗುರುತು ಹಾಕುವುದನ್ನೇ ಗುರಿ ಮಾಡಿಕೊಂಡರೆ, ತಪಾಸಣೆಗೆ ಬಂದವರೂ ಚೌಕಗಳನ್ನೇ ಎಣಿಸಿದರೆ, ಇಂಥ ದಿಬ್ಬಗಳು ಎಲ್ಲ ದೇಶದಲ್ಲೂ ಉಳಿದುಕೊಳ್ಳುತ್ತವೆ. ಆ ಮೇಲೆ ಕೊರಿಯಾ ತನ್ನ ಬೇರೆ ನಿಲ್ದಾಣಗಳಲ್ಲಿದ್ದ ಅಂಥ ಕಟ್ಟೆಗಳನ್ನು ಪಟ್ಟಿ ಮಾಡಿ ಬದಲಿಸಲು ಹೊರಟಿತು. ಪಟ್ಟಿ ಮಾಡುವುದು ಡಿಸೆಂಬರ್ 28ರಂದೂ ಸಾಧ್ಯವಿತ್ತು. ನನ್ನ ಮಾತು ಇಷ್ಟು: ಪರವಾನಗಿ ಅರ್ಜಿ ನಿಲ್ದಾಣ ತನ್ನ ಕುಂದುಗಳನ್ನು ತಾನೇ ಬರೆದು ಸಹಿ ಹಾಕುವ ದಾಖಲೆಯಾಗಬೇಕು. ಇಲ್ಲಿ ಇಷ್ಟು ಮೀಟರ್ ಕಡಿಮೆಯಿದೆ, ಈ ಗೋಪುರ ಎತ್ತರದ ಮಿತಿ ಮೀರಿದೆ, ಈ ಕಾರಣಕ್ಕೆ ಈಗಲೇ ಸರಿಪಡಿಸಲಾಗದು, ಅಲ್ಲಿಯವರೆಗೆ ಹೀಗೆ ನಿಭಾಯಿಸುತ್ತೇವೆ, ಇಂಥ ದಿನದೊಳಗೆ ಮುಗಿಸುತ್ತೇವೆ ಎಂದು. ಆ ಪುಟಗಳನ್ನು ಸಾರ್ವಜನಿಕರಿಗೆ ತೆರೆದಿಡಬೇಕು.

ಒಬ್ಬರು: ಕುಂದುಗಳನ್ನು ಬರೆದುಕೊಟ್ಟರೆ ಪರವಾನಗಿ ಯಾರು ಕೊಡುತ್ತಾರೆ? ಪಶ್ಚಿಮ ಘಟ್ಟ, ಕರಾವಳಿ, ಹಿಮಾಲಯದಂಥ ನೆಲದಲ್ಲಿ ಪುಸ್ತಕದ ಅಳತೆ ಎಲ್ಲೆಡೆ ಸಿಗುವುದಿಲ್ಲ. ನಿಮ್ಮ ಮಾತು ಕೇಳಿದರೆ ಮಂಗಳೂರನ್ನೇ ಮುಚ್ಚಬೇಕಾಗುತ್ತದೆ.

ಮತ್ತೊಬ್ಬರು: ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ನಿಯಮದಿಂದ ವಿನಾಯಿತಿ ಕೊಡಲು ಕಾನೂನಿನಲ್ಲೇ ದಾರಿಯಿದೆ, ಇರಲೂಬೇಕು. ಐಕಾವೋ ಒಪ್ಪಂದದ 38ನೆಯ ವಿಧಿ ದೇಶಗಳಿಗೇ ತಮ್ಮ ವ್ಯತ್ಯಾಸಗಳನ್ನು ತಿಳಿಸಿ ಎನ್ನುತ್ತದೆ. ಐರೋಪ್ಯ ಒಕ್ಕೂಟದ 2014ರ ನಿಯಮದಲ್ಲಿ ಹಳೆಯ ನಿಲ್ದಾಣಗಳ ಇಂಥ ಕೊರತೆಗಳಿಗೆಂದೇ, ಅವನ್ನು ಯಾಕೆ ಒಪ್ಪಲಾಗಿದೆ, ಮುಂದೇನು ಮಾಡಬೇಕು ಎಂದು ಬರೆದಿಡುವ ಪ್ರತ್ಯೇಕ ದಾಖಲೆ ಇದೆ. ಕೊರತೆ ಇರುವ ಕಡೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಬಳಸಬಹುದಾದ ರನ್‌ವೇ ಉದ್ದವನ್ನು ಕಡಿಮೆ ಘೋಷಿಸಬಹುದು. ಅದರಿಂದ ವಿಮಾನ ಒಯ್ಯುವ ಭಾರ ತಗ್ಗುತ್ತದೆ, ಕಂಪನಿಗೆ ನಷ್ಟವಾಗುತ್ತದೆ, ಆದರೂ ಮಾಡಬಹುದು. ಮಳೆಗಾಲದಲ್ಲಿ ಹಿಂಗಾಳಿ ಇದ್ದಾಗ ಇಳಿಯುವುದನ್ನು ನಿರ್ಬಂಧಿಸಬಹುದು. ಟೈರು ಬಿಟ್ಟ ರಬ್ಬರನ್ನು ಬೇಗ ಬೇಗ ಕೆರೆದು ತೆಗೆದು, ಒದ್ದೆ ರನ್‌ವೇಯ ಹಿಡಿತ ಅಳೆಯುತ್ತಿರಬಹುದು. ನನ್ನ ಆಕ್ಷೇಪ ಇರುವುದು ಕೊನೆಯ ದಿನಾಂಕವಿಲ್ಲದ ವಿನಾಯಿತಿಯ ಮೇಲೆ. ತಾತ್ಕಾಲಿಕವೆಂದು ಕೊಟ್ಟದ್ದು ಕಡತದೊಳಗೆ ನವೀಕರಣವಾಗುತ್ತಾ ಹೋದರೆ ಕೆಲವೇ ವರ್ಷದಲ್ಲಿ ಅದು ಕೊರತೆಯೆಂಬುದೇ ಸಿಬ್ಬಂದಿಗೆ ಮರೆತುಹೋಗುತ್ತದೆ. ಜನರಿಗಂತೂ ಗೊತ್ತಾಗುವುದೇ ಇಲ್ಲ. ಮಂಗಳೂರಿನ ಹೊಸ ರನ್‌ವೇಯ ಸುರಕ್ಷತೆಯನ್ನು ಪ್ರಶ್ನಿಸಿದವರು 1997ರಷ್ಟು ಹಿಂದೆಯೇ ಹೈಕೋರ್ಟಿಗೆ ಹೋಗಬೇಕಾಯಿತು. 2003ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ವಜಾ ಮಾಡಿ, ಕಾನೂನು ನಿಯಮಗಳನ್ನು ಪಾಲಿಸಿ ಎಂದು ಸರ್ಕಾರಕ್ಕೆ ಹೇಳಿತು. ಪರಿಸರ ಅನುಮತಿಗಾದರೆ ಸಾರ್ವಜನಿಕ ಅಹವಾಲು ಸಭೆಯಿದೆ. ಪರವಾನಗಿಯ ಹಂತದಲ್ಲಿ ‘ತುದಿಯಲ್ಲಿ ಎಷ್ಟು ನೆಲ ಬಿಟ್ಟಿದ್ದೀರಿ’ ಎಂದು ನಾಗರಿಕ ಎದ್ದು ಕೇಳಲು ಒಂದು ಜಾಗವಿಲ್ಲ. ಆ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿಯೇ ಕೇಳಬೇಕಾದದ್ದಲ್ಲ.

ಒಬ್ಬರು: ಇವನ್ನೆಲ್ಲ ಪ್ರಕಟಿಸಿದರೆ ಜನ ಹೆದರಿ ವಿಮಾನ ಹತ್ತುವುದನ್ನೇ ಬಿಡುತ್ತಾರೆ. ಭದ್ರತೆಯ ದೃಷ್ಟಿಯಿಂದಲೂ ನಿಲ್ದಾಣದ ದೌರ್ಬಲ್ಯ ಹೇಳಿಕೊಳ್ಳುವುದು ಸರಿಯಲ್ಲ ಎನ್ನುವವರಿದ್ದಾರೆ.

ಮತ್ತೊಬ್ಬರು: ಭದ್ರತೆಯ ದಾಖಲೆ ಬೇರೆಯೇ ಇದೆ. ಬೇಲಿ ಕಾವಲು, ತಪಾಸಣೆ, ಅಪಹರಣದ ಸಂದರ್ಭದ ಕ್ರಮ, ಇವೆಲ್ಲ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಒಪ್ಪಬೇಕಾದ ಗುಟ್ಟಿನ ಕಾರ್ಯಕ್ರಮ. ಅದನ್ನು ತೆರೆದಿಡಿ ಎಂದು ಯಾರೂ ಕೇಳುತ್ತಿಲ್ಲ. ರನ್‌ವೇ ಉದ್ದ, ತುದಿಯ ಅಳತೆ, ಅಗ್ನಿಶಾಮಕ ವರ್ಗ, ಸುತ್ತಲಿನ ಅಡೆತಡೆಗಳು ಪೈಲಟ್‌ಗಳಿಗೆಂದು ಪ್ರಕಟವಾಗುವ ವೈಮಾನಿಕ ಮಾಹಿತಿಯಲ್ಲಿ ಈಗಾಗಲೇ ಇವೆ, ಜಗತ್ತಿನ ಯಾವ ಮೂಲೆಯ ಪೈಲಟ್ ಆದರೂ ಓದಬಹುದು. ಗೊತ್ತಿಲ್ಲದಿರುವುದು ಟಿಕೆಟ್ ಕೊಂಡವರಿಗೆ, ಪಕ್ಕದಲ್ಲಿ ಮನೆ ಕಟ್ಟುವವರಿಗೆ ಮಾತ್ರ. ಜನ ಹೆದರುತ್ತಾರೆ ಎಂಬುದನ್ನು ನಾನು ನಂಬುವುದಿಲ್ಲ. ಘಾಟಿ ರಸ್ತೆಯಲ್ಲಿ ‘ಅಪಾಯಕಾರಿ ತಿರುವು’ ಎಂಬ ಫಲಕ ಕಂಡು ಯಾರೂ ಊರಿಗೆ ಹಿಂತಿರುಗಿ ಹೋಗುವುದಿಲ್ಲ, ಗಾಡಿಯ ವೇಗ ಇಳಿಸುತ್ತಾರೆ. ಕೊರತೆ ಬಹಿರಂಗವಾದರೆ ನಿಲ್ದಾಣದ ವ್ಯವಸ್ಥಾಪಕರ ಕೈ ಬಲವಾಗುತ್ತದೆ ಎಂಬುದು ನನ್ನ ಎಣಿಕೆ. ಎರಡನೆಯ ಅಗ್ನಿಶಾಮಕ ವಾಹನಕ್ಕೆ ಹಣ ಕೊಡಿ ಎಂದು ಆತ ಮೇಲಿನವರಿಗೆ ಬರೆದ ಪತ್ರಕ್ಕೆ ಊರಿನ ಬೆಂಬಲ ಸಿಗುತ್ತದೆ. ಗುಟ್ಟಾಗಿದ್ದರೆ ಊರೆಲ್ಲ ಸೇರಿ ಆತನನ್ನು ಕೇಳುವುದು ಒಂದೇ ಪ್ರಶ್ನೆ: ಮುಂಬೈ ವಿಮಾನ ಯಾವಾಗ?

ಒಬ್ಬರು: ಪರೀಕ್ಷಿಸುವವರಾದರೂ ಸಾಕಷ್ಟು ಇದ್ದಾರೆಯೇ? 2014ರಲ್ಲಿ 74 ಇದ್ದ ನಿಲ್ದಾಣಗಳು ಹತ್ತೇ ವರ್ಷದಲ್ಲಿ 150 ದಾಟಿದವು ಎಂದು ಸರ್ಕಾರವೇ ಹೇಳುತ್ತದೆ. ಮಹಾನಿರ್ದೇಶನಾಲಯದಲ್ಲಿ ಮಂಜೂರಾದ ಹುದ್ದೆಗಳಲ್ಲಿ ಅರ್ಧದಷ್ಟು ಖಾಲಿ ಎಂದು 2025ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಎತ್ತಿ ತೋರಿಸಿತು.

ಮತ್ತೊಬ್ಬರು: ನೀವು ಹೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವುದು ಇದೇ. ಎರಡರಷ್ಟಾದ ನಿಲ್ದಾಣಗಳನ್ನು ಅರ್ಧದಷ್ಟು ಜನ ನೋಡಿಕೊಳ್ಳುವಲ್ಲಿ ತಪಾಸಣೆ ಚೌಕ ಎಣಿಸುವುದಕ್ಕೇ ಇಳಿಯುವ ಅಪಾಯವಿದೆ. ಆ ಹುದ್ದೆಗಳನ್ನು ತುಂಬುವುದಕ್ಕೆ ಬದಲಿ ಉಪಾಯವಿಲ್ಲ, ಸಾರ್ವಜನಿಕರ ಕಣ್ಣು ಅಧಿಕಾರಿಯ ಜಾಗ ತುಂಬಲಾರದು. ಆದರೆ ಇರುವ ಅಧಿಕಾರಿ ಬಿಟ್ಟುಹೋದದ್ದನ್ನು ಸ್ಥಳೀಯ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರೋ, ನಿವೃತ್ತ ವಾಯುಪಡೆಯವರೋ, ವರದಿಗಾರರೋ ಗುರುತಿಸಲು ದಾಖಲೆ ತೆರೆದಿದ್ದರೆ ಮಾತ್ರ ಸಾಧ್ಯ. ಅಲ್ಪಾವಧಿಯ ವಿಸ್ತರಣೆಯನ್ನು ನೀವು ಊರಿಗಾದ ಅವಮಾನದಂತೆ ಹೇಳಿದಿರಿ. ಬಾಕಿ ಕೆಲಸದ ಪಟ್ಟಿ ಕೊಟ್ಟು, ಅವಧಿ ಚಿಕ್ಕದಾಗಿಟ್ಟು, ಮತ್ತೆ ಬಂದು ನೋಡುತ್ತೇವೆ ಎನ್ನುವ ನಿಯಂತ್ರಕ ತನ್ನ ಕೆಲಸ ಮಾಡುತ್ತಿದ್ದಾನೆ ಎಂದೇ ನಾನು ತಿಳಿಯುತ್ತೇನೆ. ಸುದ್ದಿಯಲ್ಲಿ ಅವಧಿ ಬಂತು, ಆ ಪಟ್ಟಿಯೂ ಅಷ್ಟೇ ದೊಡ್ಡದಾಗಿ ಬರಬೇಕಿತ್ತು.

ಒಬ್ಬರು: ಪಟ್ಟಿಯನ್ನು ಕೇಳುವುದಾದರೂ ಎಲ್ಲಿ?

ಮತ್ತೊಬ್ಬರು: ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ ಆ ಭಾಗದ ಸಂಸದರ ಅಧ್ಯಕ್ಷತೆಯಲ್ಲಿ ಸಲಹಾ ಸಮಿತಿ ಇರುತ್ತದೆ. ರಾಜ್ಯ ನಡೆಸುವ ನಿಲ್ದಾಣಕ್ಕೂ ಅಂಥದೊಂದನ್ನು ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಹೊಸ ಮಾರ್ಗ, ವಿಮಾನದ ವೇಳೆ, ಟ್ಯಾಕ್ಸಿ ದರ ಇವುಗಳ ಜೊತೆಗೆ ಪ್ರತಿ ಸಭೆಯ ಕಾರ್ಯಸೂಚಿಯಲ್ಲಿ ನಾಲ್ಕು ಸಂಗತಿ ಖಾಯಂ ಆಗಿ ಇರಲಿ: ಎರಡೂ ತುದಿಯ ಸುರಕ್ಷಾ ಪ್ರದೇಶದ ಅಳತೆ, ಪ್ರತಿ ಪಾಳಿಯಲ್ಲಿ ಹಾಜರಿರುವ ಅಗ್ನಿಶಾಮಕ ಸಿಬ್ಬಂದಿ, ಕಳೆದ ತಪಾಸಣೆಯಲ್ಲಿ ಬಾಕಿ ಉಳಿದ ಅಂಶಗಳು, ಪಡೆದಿರುವ ಒಂದೊಂದು ವಿನಾಯಿತಿಯ ಕೊನೆಯ ದಿನ. ನೀವು ಜಿಲ್ಲೆಯ ಹೋರಾಟ ಸಮಿತಿಯವರನ್ನು ಬಲ್ಲಿರಲ್ಲ, ನಿಲ್ದಾಣಕ್ಕಾಗಿ ಮನವಿ ಕೊಟ್ಟವರು ಇದಕ್ಕೂ ಒಂದು ಮನವಿ ಕೊಡಲಿ.